ಎಣಿಕೆ, ಎಳೆ, ಸಾಧನೆ: ವಿವಿಕ್ತ ಗಣಿತದ ಕಲಿಕೆಯಲ್ಲಿ ಕನ್ನಡ ಜನಪದ ತಿಳಿವಳಿಕೆಯ ನೆಲೆ

1. ಪೀಠಿಕೆ

ಬೆಂಗಳೂರಿನ ಹೊರವಲಯದ ಕೈಗಾರಿಕಾ ಪ್ರದೇಶಗಳ ಚರಿತ್ರೆಯನ್ನು ಇದುವರೆಗೆ ಬಹುಮಟ್ಟಿಗೆ ಭೂಮಿ, ಬಂಡವಾಳ ಮತ್ತು ಉದ್ಯೋಗಗಳ ಚರಿತ್ರೆಯನ್ನಾಗಿಯೇ ಬರೆಯಲಾಗಿದೆ. 1976ರಲ್ಲಿ ಸ್ಥಾಪನೆಯಾದ ಕಿಯೋನಿಕ್ಸ್ ಸಂಸ್ಥೆಯು 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ಭೂಮಿಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ರೂಪಿಸಿತು. ಅದೇ ದಶಕದ ಕೊನೆಯಲ್ಲಿ ಪೀಣ್ಯದ ಕೈಗಾರಿಕಾ ವಸಾಹತು ಬೆಳೆಯಿತು. 1990ರ ದಶಕದಲ್ಲಿ ವೈಟ್‌ಫೀಲ್ಡ್‌ನ ಬಳಿ ಭಾರತ ಮತ್ತು ಸಿಂಗಪುರಗಳ ಜಂಟಿ ಯೋಜನೆಯಾಗಿ ತಂತ್ರಜ್ಞಾನ ಪಾರ್ಕ್ ತಲೆಯೆತ್ತಿತು. ಈ ಮೂರು ನೆಲೆಗಳ ಸುತ್ತ ಕಾರ್ಖಾನೆ ಮತ್ತು ಕಚೇರಿಗಳ ಬೆನ್ನಹಿಂದೆಯೇ ಇಂಜಿನಿಯರಿಂಗ್ ಕಾಲೇಜುಗಳೂ ಬಂದವು. 1998ರಲ್ಲಿ ಬೆಳಗಾವಿಯನ್ನು ಕೇಂದ್ರವಾಗಿಟ್ಟುಕೊಂಡು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಈ ಕಾಲೇಜುಗಳಲ್ಲಿ ಬಹುಪಾಲು ಅದರ ವ್ಯಾಪ್ತಿಗೆ ಸೇರಿದವು. 1999ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯೂ ಇಂದು ಎಲೆಕ್ಟ್ರಾನಿಕ್ ಸಿಟಿಯಲ್ಲಿಯೇ ಇದೆ.

ಈ ಕಾಲೇಜುಗಳಲ್ಲಿ ಕಂಪ್ಯೂಟರ್ ವಿಜ್ಞಾನವನ್ನು ಓದುವ ವಿದ್ಯಾರ್ಥಿಗಳು ಎದುರಿಸುವ ಒಂದು ವಿಷಯ ವಿವಿಕ್ತ ಗಣಿತ. ತರಗತಿಯಲ್ಲಿ ಇದನ್ನು ಡಿಸ್ಕ್ರೀಟ್ ಮ್ಯಾಥಮ್ಯಾಟಿಕ್ಸ್ ಎಂದೇ ಕರೆಯುತ್ತಾರೆ. ಕರ್ನಾಟಕದ ಬೇರೆ ಬೇರೆ ಜಿಲ್ಲೆಗಳಿಂದ, ಅದರಲ್ಲಿಯೂ ಕನ್ನಡ ಮಾಧ್ಯಮದ ಶಾಲೆಗಳಿಂದ ಬಂದ ವಿದ್ಯಾರ್ಥಿಗೆ ಇದು ಹೊರಗಿನಿಂದ ಬಂದ, ತನ್ನ ಬದುಕಿಗೆ ಯಾವ ಎಳೆಯಿಂದಲೂ ತಾಗದ ವಿದ್ಯೆಯಂತೆ ತೋರುತ್ತದೆ. ಈ ಭಾವನೆ ಎಷ್ಟರಮಟ್ಟಿಗೆ ನಿಜ? ಪ್ರಸ್ತುತ ಲೇಖನವು ಈ ಪ್ರಶ್ನೆಯನ್ನು ಜಾನಪದ ಅಧ್ಯಯನದ ದೃಷ್ಟಿಯಿಂದ ಪರಿಶೀಲಿಸುತ್ತದೆ. ವಿವಿಕ್ತ ಗಣಿತದ ಸಾಮಗ್ರಿಯಲ್ಲಿ ಬಹುಪಾಲು ಕನ್ನಡದ ಹಾಡು, ಆಟ, ರಂಗೋಲಿ, ಗಾದೆಗಳಲ್ಲಿ ಮಾಡುವ ತಿಳಿವಾಗಿ ಆಗಲೇ ಇದೆ. ಅಲ್ಲಿಲ್ಲದಿರುವುದು ಸಾಮಾನ್ಯ ಸಾಧನೆ. ಈ ಎರಡನ್ನೂ ಒಟ್ಟಿಗೆ ಒಪ್ಪಿಕೊಂಡಾಗ ಮಾತ್ರ ಕಲಿಕೆಗೂ ಜಾನಪದಕ್ಕೂ ನ್ಯಾಯ ಸಲ್ಲುತ್ತದೆ.

2. ವಿಷಯದ ಸ್ವರೂಪ

ಗಣಿತದ ವಸ್ತುಗಳಲ್ಲಿ ಎರಡು ಬಗೆ. ಕಾಲ, ಉದ್ದ, ಉಷ್ಣತೆಗಳಂತೆ ಎಡೆಬಿಡದೆ ಹರಿಯುವಂಥವು ಒಂದು ಬಗೆ. ಕಲನಶಾಸ್ತ್ರವು ಇವುಗಳನ್ನು ಅಭ್ಯಸಿಸುತ್ತದೆ. ಹುಣಸೆಬೀಜ, ಚುಕ್ಕಿ, ಅಕ್ಷರ, ಗಂಟುಗಳಂತೆ ಬಿಡಿಬಿಡಿಯಾಗಿ ನಿಂತು ಎಣಿಕೆಗೆ ಸಿಗುವಂಥವು ಇನ್ನೊಂದು ಬಗೆ. ಈ ಎರಡನೆಯ ಬಗೆಯ ವಸ್ತುಗಳ ಶಾಸ್ತ್ರವೇ ವಿವಿಕ್ತ ಗಣಿತ. ಕಂಪ್ಯೂಟರ್ ಸೊನ್ನೆ ಮತ್ತು ಒಂದು ಎಂಬ ಎರಡೇ ಸ್ಥಿತಿಗಳಲ್ಲಿ ವ್ಯವಹರಿಸುವುದರಿಂದ ಅದರ ತಳಪಾಯ ಈ ಗಣಿತವೇ ಆಗಿದೆ. 1854ರಲ್ಲಿ ಜಾರ್ಜ್ ಬೂಲ್ ತರ್ಕವನ್ನು ಬೀಜಗಣಿತವನ್ನಾಗಿ ಬರೆದನು. 1937ರಲ್ಲಿ ಕ್ಲಾಡ್ ಶ್ಯಾನನ್ ತನ್ನ ಪ್ರಬಂಧದಲ್ಲಿ ಆ ಬೀಜಗಣಿತವನ್ನು ವಿದ್ಯುತ್ ಸ್ವಿಚ್ಚುಗಳ ಮಂಡಲಗಳಿಗೆ ಹೊಂದಿಸಿ ತೋರಿಸಿದನು. 1968ರಲ್ಲಿ ಅಮೆರಿಕದ ಕಂಪ್ಯೂಟರ್ ವಿದ್ವಾಂಸರ ಸಂಘಟನೆಯಾದ ಎಸಿಎಂ ರೂಪಿಸಿದ ಮಾದರಿ ಪಠ್ಯಕ್ರಮದಲ್ಲಿ ವಿವಿಕ್ತ ರಚನೆಗಳು ಪ್ರತ್ಯೇಕ ಪತ್ರಿಕೆಯಾಗಿ ಕಾಣಿಸಿಕೊಂಡವು.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2010ರ ಪಠ್ಯಕ್ರಮದಲ್ಲಿ ಈ ವಿಷಯ ಎರಡು ಸೆಮಿಸ್ಟರ್‌ಗಳಲ್ಲಿ ಹಂಚಿಹೋಗಿತ್ತು. ಮೂರನೆಯ ಸೆಮಿಸ್ಟರ್‌ನಲ್ಲಿ ಗಣ ಸಿದ್ಧಾಂತ, ತರ್ಕ, ಪೂರ್ಣಾಂಕಗಳ ಗುಣಗಳು, ಸಂಬಂಧ ಮತ್ತು ಉತ್ಪನ್ನಗಳು, ಸಂಕೇತ ಸಿದ್ಧಾಂತ ಇದ್ದವು. ನಾಲ್ಕನೆಯ ಸೆಮಿಸ್ಟರ್‌ನಲ್ಲಿ ಗ್ರಾಫ್ ಸಿದ್ಧಾಂತ ಮತ್ತು ಎಣಿಕೆಯ ಶಾಸ್ತ್ರ ಇದ್ದವು. 2015 ಮತ್ತು 2018ರ ಪಠ್ಯಕ್ರಮಗಳು ಇವನ್ನು ಮೂರನೆಯ ಸೆಮಿಸ್ಟರ್‌ನ ಒಂದೇ ಪತ್ರಿಕೆಯಲ್ಲಿ ಅಡಕಗೊಳಿಸಿದವು. 2022ರ ಪಠ್ಯಕ್ರಮದಲ್ಲಿ ವಿಷಯವು ನಾಲ್ಕನೆಯ ಸೆಮಿಸ್ಟರ್‌ಗೆ ಸರಿದು ಆಯ್ಕೆಯ ಪತ್ರಿಕೆಗಳಲ್ಲಿ ಒಂದಾಯಿತು. ಗ್ರಾಫ್ ಸಿದ್ಧಾಂತ ಅದರ ಪಕ್ಕದ ಇನ್ನೊಂದು ಆಯ್ಕೆಯಾಯಿತು.

ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೆಯ ವರ್ಷಕ್ಕೆ ಸೇರುವ ವಿದ್ಯಾರ್ಥಿಗಳ ಪರಿಸ್ಥಿತಿಯನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಹತ್ತನೆಯ ತರಗತಿಯ ನಂತರ ಪಾಲಿಟೆಕ್ನಿಕ್ ಸೇರಿದ ಇವರು ಪದವಿಪೂರ್ವ ಹಂತದ ಗಣಿತವನ್ನು ಓದಿರುವುದಿಲ್ಲ. ಆ ಕೊರತೆಯನ್ನು ತುಂಬಲು ವಿಶ್ವವಿದ್ಯಾಲಯವು ಅವರಿಗೆ ಹೆಚ್ಚುವರಿ ಗಣಿತದ ಪತ್ರಿಕೆಗಳನ್ನು ಕಡ್ಡಾಯಗೊಳಿಸಿದೆ. ಮೂರನೆಯ ಸೆಮಿಸ್ಟರ್‌ನ ಪಠ್ಯಕ್ರಮಗಳಲ್ಲಿ ಈ ಹೆಚ್ಚುವರಿ ಪತ್ರಿಕೆಯೂ ವಿವಿಕ್ತ ಗಣಿತವೂ ಅವರಿಗೆ ಒಟ್ಟಿಗೇ ಎದುರಾಗುತ್ತಿದ್ದವು. ಎಣಿಕೆಯಲ್ಲಿ ನುರಿತ ವಿದ್ಯಾರ್ಥಿಯೂ ಸಾಧನೆಯ ಭಾಷೆಯಲ್ಲಿ ಎಡವುವುದು ಇಂಥಲ್ಲಿಯೇ.

3. ತ್ರಿಪದಿಯ ಎಣಿಕೆ

ಕರ್ನಾಟಕದ ಪ್ರೌಢಶಾಲೆಯಲ್ಲಿ ಕನ್ನಡವನ್ನು ಪ್ರಥಮ ಭಾಷೆಯಾಗಿ ಓದಿದ ಪ್ರತಿಯೊಬ್ಬ ವಿದ್ಯಾರ್ಥಿಯೂ ಪದ್ಯದ ಸಾಲಿಗೆ ಪ್ರಸ್ತಾರ ಹಾಕಿರುತ್ತಾನೆ. ಲಘು ಮತ್ತು ಗುರು ಎಂಬ ಎರಡೇ ಚಿಹ್ನೆಗಳಿಂದ ಸಾಲನ್ನು ಗುರುತಿಸಿ ಗಣ ವಿಂಗಡಿಸುವುದು ಅಲ್ಲಿಯ ಕೆಲಸ. ಎರಡು ಚಿಹ್ನೆಗಳು ಮೂರು ಸ್ಥಾನಗಳಲ್ಲಿ ಕೂಡುವ ವಿನ್ಯಾಸಗಳು 2×2×2, ಅಂದರೆ 8; ಅವೇ ಎಂಟು ಅಕ್ಷರಗಣಗಳು. ಆದರೆ ಪ್ರಸ್ತಾರ ಎಂಬ ಪದದ ಮೂಲ ಅರ್ಥ ಶಾಲೆಯಲ್ಲಿ ಉಳಿದಿಲ್ಲ. ಪಿಂಗಳನ ಛಂದಃಸೂತ್ರದಿಂದ ಹಬ್ಬಿದ ಪರಂಪರೆಯಲ್ಲಿ ಪ್ರಸ್ತಾರವೆಂದರೆ ಇರಬಹುದಾದ ಎಲ್ಲ ವಿನ್ಯಾಸಗಳನ್ನೂ ಒಂದೂ ಬಿಡದೆ, ಒಂದೂ ಮರುಕಳಿಸದೆ ಕ್ರಮವಾಗಿ ಬರೆಯುವ ವಿಧಾನ. ಕ್ರಮಸಂಖ್ಯೆ ಕೊಟ್ಟರೆ ವಿನ್ಯಾಸವನ್ನು ಕಂಡುಹಿಡಿಯುವುದು ನಷ್ಟ. ವಿನ್ಯಾಸ ಕೊಟ್ಟರೆ ಕ್ರಮಸಂಖ್ಯೆಯನ್ನು ಕಂಡುಹಿಡಿಯುವುದು ಉದ್ದಿಷ್ಟ. ದ್ವಿಮಾನ ಸಂಖ್ಯೆಗಳ ಪಾಠದಲ್ಲಿ ವಿದ್ಯಾರ್ಥಿ ಮಾಡುವುದೂ ಈ ಎರಡು ಕೆಲಸಗಳನ್ನೇ. ಡೊನಾಲ್ಡ್ ಕ್ನೂತ್ ಅವರು ಕಂಪ್ಯೂಟರ್ ಕ್ರಮವಿಧಿಗಳನ್ನು ಕುರಿತ ತಮ್ಮ ಬೃಹತ್ ಗ್ರಂಥಮಾಲೆಯಲ್ಲಿ ವಿನ್ಯಾಸಗಳ ಎಣಿಕೆಯ ಚರಿತ್ರೆಯನ್ನು ಬರೆಯುವಾಗ ಭಾರತೀಯ ಛಂದಶ್ಶಾಸ್ತ್ರಕ್ಕೆ ಗೌರವದ ಸ್ಥಾನ ಕೊಟ್ಟಿದ್ದಾರೆ. ಕನ್ನಡದಲ್ಲಿ ಈ ಶಾಸ್ತ್ರದ ಮೊದಲ ಗ್ರಂಥ ನಾಗವರ್ಮನ ಛಂದೋಂಬುಧಿ. ಅದರ ಕಾಲ ಸುಮಾರು 990.

ಇದು ಪಂಡಿತ ಪರಂಪರೆಯ ಮಾತಾಯಿತು. ಜನಪದದ ಸ್ವಂತ ಮಟ್ಟು ಅಂಶಗಣದ್ದು. ಬೀಸುವ ಕಲ್ಲಿನ ಮುಂದೆ ಹಾಡಿದ ತ್ರಿಪದಿ ಅದರ ಮುಖ್ಯ ಉದಾಹರಣೆ. ಶಾಸನಗಳಲ್ಲಿಯೂ ತ್ರಿಪದಿ ಪ್ರಾಚೀನವಾದದ್ದು. ಸುಮಾರು 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಅದು ದೊರೆಯುತ್ತದೆ. ಅಂಶಗಣದ ನಿಯಮ ಸರಳವಾಗಿದೆ. ಗಣದ ಮೊದಲ ಅಂಶ ಒಂದು ಗುರು ಅಥವಾ ಎರಡು ಲಘುಗಳಾಗಿರುತ್ತದೆ. ಮುಂದಿನ ಪ್ರತಿ ಅಂಶ ಒಂದು ಗುರು ಅಥವಾ ಒಂದು ಲಘುವಾಗಿರುತ್ತದೆ. ಹೀಗೆ ಪ್ರತಿ ಅಂಶಕ್ಕೂ ಎರಡೇ ಸಾಧ್ಯತೆಗಳು. ಆದ್ದರಿಂದ ಎರಡು ಅಂಶಗಳ ಬ್ರಹ್ಮಗಣಕ್ಕೆ 4, ಮೂರು ಅಂಶಗಳ ವಿಷ್ಣುಗಣಕ್ಕೆ 8, ನಾಲ್ಕು ಅಂಶಗಳ ರುದ್ರಗಣಕ್ಕೆ 16 ರೂಪಗಳಿವೆ. ಛಂದಸ್ಸಿನ ಪುಸ್ತಕಗಳು ಈ ಮೂರು ಸಂಖ್ಯೆಗಳನ್ನು ಪಟ್ಟಿಯಾಗಿ ಕೊಡುತ್ತವೆ. ಅವುಗಳ ಹಿಂದಿರುವುದು ವಿವಿಕ್ತ ಗಣಿತದ ಮೊದಲ ಪಾಠವಾದ ಗುಣಾಕಾರ ನಿಯಮ.

ಈ ನಿಯಮವನ್ನು ಇಡೀ ತ್ರಿಪದಿಗೆ ಅನ್ವಯಿಸಬಹುದು. ತ್ರಿಪದಿಯಲ್ಲಿ ಒಟ್ಟು 11 ಗಣಗಳು. 6 ಮತ್ತು 10ನೆಯ ಸ್ಥಾನಗಳಲ್ಲಿ ಬ್ರಹ್ಮಗಣ, ಉಳಿದ 9 ಸ್ಥಾನಗಳಲ್ಲಿ ವಿಷ್ಣುಗಣ. ಒಂಬತ್ತು ವಿಷ್ಣುಗಣಗಳಲ್ಲಿ 27 ಅಂಶಗಳು, ಎರಡು ಬ್ರಹ್ಮಗಣಗಳಲ್ಲಿ 4 ಅಂಶಗಳು, ಒಟ್ಟು 31 ಅಂಶಗಳು. ಪ್ರತಿ ಅಂಶಕ್ಕೆ ಎರಡು ಸಾಧ್ಯತೆಗಳಿರುವುದರಿಂದ ಲಕ್ಷಣಬದ್ಧ ತ್ರಿಪದಿಯ ಲಘು-ಗುರು ವಿನ್ಯಾಸಗಳ ಸಂಖ್ಯೆ 2ರ 31ನೆಯ ಘಾತ, ಅಂದರೆ 214,74,83,648. ಕಂಪ್ಯೂಟರ್ ವಿದ್ಯಾರ್ಥಿಗೆ ಈ ಸಂಖ್ಯೆ ಪರಿಚಿತವೇ. ಧನ ಮತ್ತು ಋಣ ಸಂಖ್ಯೆಗಳೆರಡನ್ನೂ 32 ಬಿಟ್‌ಗಳಲ್ಲಿ ಕೂಡಿಸುವ ವ್ಯವಸ್ಥೆಯಲ್ಲಿ ಬರೆಯಬಹುದಾದ ಅತಿ ದೊಡ್ಡ ಪೂರ್ಣಾಂಕ ಇದಕ್ಕಿಂತ ಒಂದು ಕಡಿಮೆ. ಇದು ಕಾಕತಾಳೀಯ, ಇದರಿಂದ ಹಾಡುವ ತಾಯಂದಿರಿಗೆ ಕಂಪ್ಯೂಟರಿನ ಅರಿವಿತ್ತೆಂದು ಹೇಳಲಾಗದು. ಅಲ್ಲದೆ ಹಾಡಿಕೆಯಲ್ಲಿ ಎಳೆತ, ಮೊಟಕುಗಳಿಂದ ಗಣಗಳು ಹಿಗ್ಗುತ್ತವೆ, ಕುಗ್ಗುತ್ತವೆ. ಮೇಲಿನ ಸಂಖ್ಯೆ ಲಕ್ಷಣಕ್ಕೆ ಸೇರಿದ್ದೇ ಹೊರತು ಗಾಯನಕ್ಕಲ್ಲ. ಆದರೂ ಮೂರೇ ಸಾಲಿನ ಒಂದು ಮಟ್ಟಿನಲ್ಲಿ ಇಷ್ಟೊಂದು ವೈವಿಧ್ಯಕ್ಕೆ ಎಡೆಯಿದೆ ಎಂಬುದು ಎಣಿಸಿದಾಗ ಮಾತ್ರ ಕಾಣುವ ಸತ್ಯ. ಸಾವಿರಾರು ತ್ರಿಪದಿಗಳು ಒಂದೇ ಧಾಟಿಯಲ್ಲಿದ್ದೂ ಏಕತಾನವಾಗದಿರುವುದಕ್ಕೆ ಇದೂ ಒಂದು ಕಾರಣ.

ಮಾತ್ರಾಗಣಗಳಲ್ಲಿ ಇನ್ನೊಂದು ಪಾಠವಿದೆ. ಮೂರು ಮಾತ್ರೆಗಳನ್ನು 3 ಬಗೆಯಲ್ಲಿ, ನಾಲ್ಕನ್ನು 5 ಬಗೆಯಲ್ಲಿ, ಐದನ್ನು 8 ಬಗೆಯಲ್ಲಿ ಜೋಡಿಸಬಹುದು. ಪ್ರತಿ ಸಂಖ್ಯೆಯೂ ಹಿಂದಿನ ಎರಡರ ಮೊತ್ತ. ಕಾರಣ ಸ್ಪಷ್ಟವಾಗಿದೆ: ಗಣ ಲಘುವಿನಲ್ಲಿ ಮುಗಿದರೆ ಅದರ ಹಿಂದೆ ಒಂದು ಮಾತ್ರೆ ಕಡಿಮೆಯಾದ ವಿನ್ಯಾಸವೂ, ಗುರುವಿನಲ್ಲಿ ಮುಗಿದರೆ ಎರಡು ಮಾತ್ರೆ ಕಡಿಮೆಯಾದ ವಿನ್ಯಾಸವೂ ಇರಲೇಬೇಕು. ಪಠ್ಯದಲ್ಲಿ ಫಿಬೊನಾಚಿ ಶ್ರೇಣಿಯೆಂದು ಬರುವ ಸಂಖ್ಯೆಗಳು ಇವೇ. ಷಟ್ಪದಿ, ರಗಳೆಗಳಿಗೆ ಪ್ರಸ್ತಾರ ಹಾಕಿದ ವಿದ್ಯಾರ್ಥಿ ಈ ಶ್ರೇಣಿಯನ್ನು ಕೈಯಲ್ಲಿ ಹಿಡಿದಿದ್ದೂ ಅದರ ಗುರುತು ಹಿಡಿದಿರುವುದಿಲ್ಲ.

4. ಅಂಗಳ ಮತ್ತು ಆಟದ ಮಣೆ

ಎಣಿಕೆಯಿಂದ ಆಕಾರಕ್ಕೆ ಬಂದರೆ ಮೊದಲು ಕಾಣುವುದು ಮನೆಯ ಮುಂದಿನ ಚುಕ್ಕಿ ರಂಗೋಲಿ. 1, 3, 5, 7, 5, 3, 1 ಎಂದು ಇಡುವ ಚುಕ್ಕಿಗಳ ಮೊತ್ತ 25. ಇದನ್ನು ಒಡೆದು ನೋಡಿದರೆ ಮೇಲಿನ ನಾಲ್ಕು ಸಾಲುಗಳು 16, ಅಂದರೆ 4ರ ವರ್ಗ. ಕೆಳಗಿನ ಮೂರು ಸಾಲುಗಳು 9, ಅಂದರೆ 3ರ ವರ್ಗ. ಒಂದರಿಂದ ತೊಡಗಿ ಎಷ್ಟು ಬೆಸಸಂಖ್ಯೆಗಳನ್ನು ಕೂಡಿದರೂ ಅಷ್ಟರ ವರ್ಗವೇ ಬರುತ್ತದೆ ಎಂಬುದು ಗಣಿತೀಯ ಅನುಗಮನದ, ತರಗತಿಯ ಮಾತಿನಲ್ಲಿ ಇಂಡಕ್ಷನ್ನಿನ, ಮೊದಲ ಲೆಕ್ಕಗಳಲ್ಲಿ ಒಂದು.

ಚುಕ್ಕಿಗಳನ್ನು ಸುತ್ತಿ ಬರುವ ಎಳೆಯ ರಂಗೋಲಿ ಇನ್ನೂ ಮುಂದಕ್ಕೆ ಹೋಗುತ್ತದೆ. ಗೆರೆಗಳು ಹಾಯುವ ಪ್ರತಿ ಸಂಧಿಯಲ್ಲಿಯೂ ನಾಲ್ಕು ಕವಲುಗಳು ಕೂಡುತ್ತವೆ. ಕ್ಯೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಬರಲು ಸಾಧ್ಯವೇ ಎಂಬ ಪ್ರಶ್ನೆಗೆ 1736ರಲ್ಲಿ ಆಯ್ಲರ್ ಉತ್ತರಿಸಿದನು. ಬಿಡಿ ತುಂಡುಗಳಿಲ್ಲದ ಜಾಲದ ಪ್ರತಿ ಸಂಧಿಯಲ್ಲಿಯೂ ಕವಲುಗಳ ಸಂಖ್ಯೆ ಸಮವಾಗಿದ್ದರೆ ಕೈಯೆತ್ತದೆ, ಬರೆದ ಗೆರೆಯ ಮೇಲೆ ಮತ್ತೆ ಬರೆಯದೆ ಹೊರಟಲ್ಲಿಗೇ ಬಂದು ಸೇರಬಹುದು ಎಂಬುದು ಅದರಿಂದ ಬೆಳೆದ ಪ್ರಮೇಯ. ರಂಗೋಲಿಯ ಕೈ ಇನ್ನೊಂದು ಕಟ್ಟುಪಾಡನ್ನೂ ಪಾಲಿಸುತ್ತದೆ: ಸಂಧಿಯಲ್ಲಿ ತಿರುಗದೆ ನೇರವಾಗಿ ಹಾಯಬೇಕು, ಅಂಚಿನಲ್ಲಿ ಮಾತ್ರ ತಿರುಗಬೇಕು. ಆಯತಾಕಾರವಾಗಿ ಚುಕ್ಕಿಯಿಟ್ಟು ಹೀಗೆ ಎಳೆದರೆ ಬೇಕಾಗುವ ಎಳೆಗಳ ಸಂಖ್ಯೆ ಸಾಲು ಮತ್ತು ಕಂಬಗಳ ಸಂಖ್ಯೆಗಳ ಮಹತ್ತಮ ಸಾಮಾನ್ಯ ಭಾಜಕ. 3 ಸಾಲು 4 ಕಂಬಗಳಿಗೆ ಒಂದೇ ಎಳೆ ಸಾಕು; 4 ಸಾಲು 6 ಕಂಬಗಳಿಗೆ ಎರಡು ಬೇಕು; 4 ಸಾಲು 4 ಕಂಬಗಳಿಗೆ ನಾಲ್ಕು ಬೇಕು. ಪೌಲುಸ್ ಗೆರ್ಡೆಸ್ ಅವರು ಆಫ್ರಿಕಾದ ಅಂಗೋಲ ಪ್ರದೇಶದ ಮರಳು ಚಿತ್ರಗಳನ್ನು ಅಭ್ಯಸಿಸುತ್ತ ಇದೇ ನಿಯಮವನ್ನು ವಿವರಿಸಿದ್ದಾರೆ. ತಮಿಳುನಾಡಿನ ಕೋಲಂ ಕುರಿತು ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ ಮತ್ತು ಕಮಲಾ ಕೃತಿವಾಸನ್ ಅವರು 1974ರಲ್ಲಿ ಪ್ರಕಟಿಸಿದ ಪ್ರಬಂಧವು ರಂಗೋಲಿಯನ್ನು ಕಂಪ್ಯೂಟರ್ ವ್ಯಾಕರಣಗಳ ಅಧ್ಯಯನಕ್ಕೆ ತಂದಿತು. ಕರ್ನಾಟಕದ ರಂಗೋಲಿಗೆ ಅಂಥ ದುಡಿಮೆ ಇನ್ನೂ ಸಲ್ಲಬೇಕಾಗಿದೆ.

ಹುಲಿ-ಕುರಿ ಆಟದ ಪಟವೂ ಒಂದು ಜಾಲವೇ. ದಕ್ಷಿಣ ಭಾರತದಲ್ಲಿ ವ್ಯಾಪಕವಾದ ತ್ರಿಕೋನ ಪಟದಲ್ಲಿ 23 ಬಿಂದುಗಳು, 3 ಹುಲಿಗಳು, 15 ಕುರಿಗಳು. ಹುಲಿ ನೇರ ಗೆರೆಯಲ್ಲಿ ಕುರಿಯನ್ನು ಹಾರಿ ಹಿಡಿಯುತ್ತದೆ. ಕುರಿಗಳು ಹುಲಿಯ ಎಲ್ಲ ದಾರಿಗಳನ್ನೂ ಮುಚ್ಚಿ ಗೆಲ್ಲುತ್ತವೆ. ಒಂದು ಬಿಂದುವಿನಿಂದ ಎಷ್ಟು ಗೆರೆ ಹೊರಡುತ್ತವೆ ಎಂಬುದೇ ಹುಲಿಯ ಬಲ. ಪಠ್ಯಪುಸ್ತಕ ಇದನ್ನು ಬಿಂದುವಿನ ಡಿಗ್ರಿ ಎನ್ನುತ್ತದೆ. ಎಲ್ಲ ಕಾಯಿಗಳೂ ಪಟದ ಮೇಲಿದ್ದು ಒಂದು ಕುರಿಯೂ ಸತ್ತಿಲ್ಲದಾಗ ಕಾಯಿಗಳು ಎಷ್ಟು ಬಗೆಯಲ್ಲಿ ಕುಳಿತಿರಬಹುದು? 23 ಬಿಂದುಗಳಲ್ಲಿ 3 ಹುಲಿಗಳನ್ನು 1,771 ಬಗೆಯಲ್ಲಿ ಇಡಬಹುದು. ಉಳಿದ 20 ಬಿಂದುಗಳಲ್ಲಿ 15 ಕುರಿಗಳನ್ನು 15,504 ಬಗೆಯಲ್ಲಿ ಇಡಬಹುದು. ಎರಡರ ಗುಣಲಬ್ಧ 2,74,57,584. ಈ ಲೆಕ್ಕಕ್ಕೆ ಬೇಕಾದ ವಿಕಲ್ಪಗಳ ಸಾಮಾನ್ಯ ಸೂತ್ರವನ್ನು ಸುಮಾರು 850ರಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ ಕೊಟ್ಟಿದ್ದಾನೆ. ಸೂತ್ರವೂ ಆಟವೂ ಒಂದೇ ನಾಡಿನಲ್ಲಿ ಬಾಳಿವೆ. ಕಲಿಸುವಾಗ ಮಾತ್ರ ಎರಡೂ ಭೇಟಿಯಾಗುವುದಿಲ್ಲ.

ರಂಗೋಲಿ ಪ್ರತಿ ಗೆರೆಯನ್ನೂ ಒಂದೇ ಸಲ ಮುಟ್ಟುವ ನಡೆ. ಪ್ರತಿ ಮನೆಯನ್ನೂ ಒಂದೇ ಸಲ ಮುಟ್ಟುವ ನಡೆಗೆ ಚದುರಂಗದ ಕುದುರೆಯ ಪಯಣ ಉದಾಹರಣೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇಂಥ ಕುದುರೆ ನಡೆಗಳನ್ನು ರಚಿಸಿದವರೆಂದು ಪ್ರಸಿದ್ಧರು. ಮೊದಲನೆಯದು ಆಯ್ಲರ್‌ನ ಹೆಸರಿನಲ್ಲಿ, ಎರಡನೆಯದು ಹ್ಯಾಮಿಲ್ಟನ್‌ನ ಹೆಸರಿನಲ್ಲಿ ಪಠ್ಯದಲ್ಲಿ ಬರುತ್ತವೆ. ಎರಡನ್ನೂ ಅದಲುಬದಲು ಮಾಡಿಕೊಳ್ಳುವ ವಿದ್ಯಾರ್ಥಿಗೆ ರಂಗೋಲಿ ಮತ್ತು ಕುದುರೆಗಿಂತ ಒಳ್ಳೆಯ ನೆನಪಿನ ಗುರುತು ಬೇಕಿಲ್ಲ.

ಅಳಗುಳಿ ಮಣೆಯಲ್ಲಿ 7 ಗುಳಿಗಳ ಎರಡು ಸಾಲು, ಒಟ್ಟು 14 ಗುಳಿಗಳು. 12ನೆಯ ಗುಳಿಯಿಂದ 5 ಬೀಜಗಳನ್ನೆತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋದರೆ ಕೊನೆಯ ಬೀಜ 3ನೆಯ ಗುಳಿಗೆ ಬೀಳುತ್ತದೆ: 12 ಮತ್ತು 5 ಕೂಡಿ 17, ಅದರಲ್ಲಿ 14 ಕಳೆದರೆ 3. ನುರಿತ ಆಟಗಾರ್ತಿ ಇದನ್ನು ಕಣ್ಣಳತೆಯಲ್ಲಿಯೇ ಕಾಣುತ್ತಾಳೆ. ಗಡಿಯಾರದ ಲೆಕ್ಕವೆಂದು ಹೆಸರಾದ ಶೇಷ ಗಣಿತ ಇದೇ. ಅಂತರಜಾಲದ ಗುಪ್ತಲಿಪಿಗಳಿಗೂ ಇದೇ ಆಧಾರ. ಆದರೆ ಆಟ ಬರಿಯ ಲೆಕ್ಕವಲ್ಲ. ತುಳುನಾಡಿನಲ್ಲಿ ಚೆನ್ನೆಮಣೆಯು ಆಟಿ ತಿಂಗಳೊಂದಿಗೆ ಬೆಸೆದುಕೊಂಡಿದೆ. ಸಿರಿ ಪಾಡ್ದನದಲ್ಲಿ ಅವಳಿ ಸೋದರಿಯರಾದ ಅಬ್ಬಗ ಮತ್ತು ದಾರಗ ಚೆನ್ನೆಯಾಡುವಾಗ ಹುಟ್ಟಿದ ಕಲಹ ಸಾವಿನಲ್ಲಿ ಮುಗಿಯುತ್ತದೆ. ಶೇಷ ಗಣಿತವನ್ನು ವಿವರಿಸಲು ಮಣೆಯನ್ನು ತರಗತಿಗೆ ತರುವವರು ಅದರೊಂದಿಗೆ ಈ ನೆನಪುಗಳೂ ಇವೆ ಎಂಬುದನ್ನು ಮರೆಯಬಾರದು.

5. ಮಾತಿನ ತರ್ಕ

ವಿವಿಕ್ತ ಗಣಿತದಲ್ಲಿ ಕನ್ನಡದ ವಿದ್ಯಾರ್ಥಿಗೆ ನಿಜವಾಗಿ ತೊಡಕಾಗುವ ಭಾಗ ತರ್ಕ. ಇದಕ್ಕೆ ಮಾತಿನ ರಚನೆಯೂ ಒಂದು ಕಾರಣ. 'ಎಲ್ಲರೂ ಬರಲಿಲ್ಲ' ಎಂಬ ವಾಕ್ಯಕ್ಕೆ ಎರಡು ಅರ್ಥಗಳಿವೆ: ಒಬ್ಬರೂ ಬರಲಿಲ್ಲ, ಅಥವಾ ಕೆಲವರು ಬಂದರು, ಕೆಲವರು ಬರಲಿಲ್ಲ. ನಿತ್ಯದ ಮಾತಿನಲ್ಲಿ ಸಂದರ್ಭ ಇದನ್ನು ಬಿಡಿಸುತ್ತದೆ. ಗಣಿತದಲ್ಲಿ ಸಂದರ್ಭದ ನೆರವಿಲ್ಲ. ಕನ್ನಡದ ಮಕ್ಕಳು ಮತ್ತು ಹಿರಿಯರು ಸಂಖ್ಯಾವಾಚಕವೂ ನಿಷೇಧವೂ ಕೂಡಿದ ವಾಕ್ಯಗಳನ್ನು ಹೇಗೆ ಅರ್ಥೈಸುತ್ತಾರೆ ಎಂಬುದನ್ನು ಜೆಫ್ರಿ ಲಿಡ್ಜ್ ಮತ್ತು ಜೂಲಿಯನ್ ಮುಸೊಲಿನೊ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರೀಕ್ಷಿಸಿದ್ದಾರೆ. ಭಾಷಾವಿಜ್ಞಾನಿಗಳ ಗಮನ ಸೆಳೆದ ಈ ತೊಡಕು ಇಂಜಿನಿಯರಿಂಗ್ ತರಗತಿಯ ಗಮನಕ್ಕೆ ಬಂದಂತಿಲ್ಲ. 'ಯಾರೂ ಬರಲಿಲ್ಲ' ಮತ್ತು 'ಒಬ್ಬರಾದರೂ ಬಂದಿಲ್ಲ' ಎಂಬ ವಾಕ್ಯಗಳನ್ನು ಅಕ್ಕಪಕ್ಕದಲ್ಲಿಟ್ಟು ವಿವರಿಸಿದರೆ ನಿಷೇಧದ ನಿಯಮ ಕನ್ನಡದಲ್ಲಿಯೇ ತಿಳಿಯಾಗುತ್ತದೆ.

ಗಾದೆಗಳೂ ಇಲ್ಲಿ ನೆರವಾಗುತ್ತವೆ. 'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆ ಒಂದು ಷರತ್ತಿನ ವಾಕ್ಯ. ಇದರಿಂದ 'ರೋಗವಿದ್ದವನು ಊಟ ಬಲ್ಲವನಲ್ಲ' ಎಂಬುದು ತಾನಾಗಿ ಹೊರಡುತ್ತದೆ. ಆದರೆ 'ರೋಗವಿಲ್ಲದವನೆಲ್ಲ ಊಟ ಬಲ್ಲವನು' ಎಂಬುದು ಹೊರಡುವುದಿಲ್ಲ. ಪರೀಕ್ಷೆಯಲ್ಲಿ ಕಾಣುವ ತಪ್ಪು ಸಾಧನೆಗಳಲ್ಲಿ ಈ ಎರಡನೆಯ ಜಿಗಿತ ತುಂಬಾ ಸಾಮಾನ್ಯವಾದದ್ದು.

ಹುಲಿ, ಮೇಕೆ, ಹುಲ್ಲಿನ ಹೊರೆಗಳನ್ನು ಹರಿಗೋಲಿನಲ್ಲಿ ಒಂದೊಂದಾಗಿ ಹೊಳೆ ದಾಟಿಸುವ ಒಗಟು ಕನ್ನಡದಲ್ಲಿ ಮನೆಮಾತು. ಯುರೋಪಿನ ಲ್ಯಾಟಿನ್ ಲೆಕ್ಕಗಳ ಹಳೆಯ ಸಂಕಲನದಲ್ಲಿಯೂ ಇದು ತೋಳ, ಮೇಕೆ, ಕೋಸಿನ ರೂಪದಲ್ಲಿದೆ. ದಾಟಿಸುವವನೂ ಸೇರಿ ನಾಲ್ವರು, ಎರಡು ದಡಗಳು. ಆದ್ದರಿಂದ 16 ಸ್ಥಿತಿಗಳು. ಅವುಗಳಲ್ಲಿ 6 ಅಪಾಯದವು, 10 ಸುರಕ್ಷಿತವಾದವು. ಸುರಕ್ಷಿತ ಸ್ಥಿತಿಗಳನ್ನು ಬಿಂದುಗಳನ್ನಾಗಿ, ದಾಟುಗಳನ್ನು ಗೆರೆಗಳನ್ನಾಗಿ ಬರೆದರೆ ಒಂದು ಜಾಲ ಮೂಡುತ್ತದೆ. ಅದರಲ್ಲಿ ಮೊದಲ ಸ್ಥಿತಿಯಿಂದ ಕೊನೆಯ ಸ್ಥಿತಿಗೆ ಅತಿ ಹತ್ತಿರದ ದಾರಿ 7 ದಾಟುಗಳದ್ದು; ಅಂಥ ದಾರಿಗಳು ಎರಡಿವೆ. ಒಗಟಿಗೆ ಉತ್ತರ ಹೇಳುವವರು ಒಂದು ದಾರಿಯನ್ನು ಹೇಳಿ ನಿಲ್ಲುತ್ತಾರೆ. ಎರಡೇ ದಾರಿಗಳಿವೆ, ಏಳಕ್ಕಿಂತ ಕಡಿಮೆ ಸಾಧ್ಯವಿಲ್ಲ ಎಂಬುದನ್ನು ತೋರಿಸುವುದೇ ವಿವಿಕ್ತ ಗಣಿತದ ಕೆಲಸ.

6. ಮಾಡುವ ತಿಳಿವು ಮತ್ತು ಸಾಧಿಸುವ ತಿಳಿವು

ಮೇಲಿನ ಉದಾಹರಣೆಗಳಿಂದ ಎರಡು ತಪ್ಪು ನಿರ್ಣಯಗಳಿಗೆ ಬರುವ ಅಪಾಯವಿದೆ. ನಮ್ಮ ಹಳ್ಳಿಗರಿಗೆ ಗ್ರಾಫ್ ಸಿದ್ಧಾಂತ ಮೊದಲೇ ತಿಳಿದಿತ್ತು ಎಂಬುದು ಒಂದು. ರಂಗೋಲಿ ಬರೆಯುವವರಿಗೆ ತಾವಿಟ್ಟ ಚುಕ್ಕಿಗಳಲ್ಲಿ ಎಳೆ ಕೂಡುತ್ತದೆ ಎಂಬುದು ಗೊತ್ತು. ಯಾವ ಯಾವ ಚುಕ್ಕಿಗಳಲ್ಲಿ ಕೂಡುತ್ತದೆ, ಯಾವುದರಲ್ಲಿ ಎಂದೆಂದಿಗೂ ಕೂಡದು, ಏಕೆ ಕೂಡದು ಎಂಬ ಪ್ರಶ್ನೆಯನ್ನು ಆ ಕಲೆ ಕೇಳುವುದಿಲ್ಲ. ಕೇಳಬೇಕಾದ ಅಗತ್ಯವೂ ಅದಕ್ಕಿಲ್ಲ. ಮಾಡುವ ತಿಳಿವನ್ನು ಸಾಧನೆಯೆಂದು ಕರೆದರೆ ಗಣಿತಕ್ಕೂ ಅಪಚಾರ, ಕಲೆಗೂ ಅಪಚಾರ. ಇನ್ನೊಂದು ತಪ್ಪು, ಗ್ರಾಮೀಣ ವಿದ್ಯಾರ್ಥಿ ಈ ವಿಷಯಕ್ಕೆ ಬರಿಗೈಯಲ್ಲಿ ಬರುತ್ತಾನೆ ಎಂಬುದು. ಎರಡು ಚಿಹ್ನೆಗಳ ಬರಹ, ಕ್ರಮವಾದ ಎಣಿಕೆ, ಜಾಲದ ನಡೆ, ಶೇಷದ ಲೆಕ್ಕ ಇವೆಲ್ಲ ಅವನ ಕೈಗೆ, ಕಿವಿಗೆ, ಅವನ ಮನೆಯಂಗಳಕ್ಕೆ ಪರಿಚಿತವಾದವು.

ಸಾಧನೆಯೂ ಪೂರ್ತಿ ಅಪರಿಚಿತವಲ್ಲ. ಕನ್ನಡ ಮಾಧ್ಯಮದ ರೇಖಾಗಣಿತದಲ್ಲಿ ದತ್ತ, ಸಾಧನೀಯ, ರಚನೆ, ಸಾಧನೆ ಎಂಬ ನಾಲ್ಕು ಹೆಜ್ಜೆಗಳನ್ನು ವಿದ್ಯಾರ್ಥಿ ಬರೆದಿರುತ್ತಾನೆ. ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಮೇಳಗಳಲ್ಲಿ ಒಂದು ಪಕ್ಷ ಎತ್ತಿದ ಸವಾಲಿಗೆ ಇನ್ನೊಂದು ಪಕ್ಷ ಜವಾಬು ಕೊಡಲೇಬೇಕು; ಎದುರು ಪಕ್ಷ ಎಲ್ಲಿ ಹಿಡಿಯಬಹುದೆಂದು ಮೊದಲೇ ಊಹಿಸಿ ಹಾಡು ಕಟ್ಟಬೇಕು. ಸಾಧನೆಯೆಂಬುದೂ ಇಂಥ ಎದುರಾಳಿಯನ್ನು ಮನಸ್ಸಿನಲ್ಲಿಟ್ಟುಕೊಂಡ ಮಾತುಗಾರಿಕೆಯೇ. 'ಎಲ್ಲ ಸಂಖ್ಯೆಗಳಿಗೂ' ಎಂದವನಿಗೆ ಎದುರಾಳಿ ಒಂದು ಸಂಖ್ಯೆ ಕೊಟ್ಟು ಸೋಲಿಸಬಹುದು. ಆ ಒಂದು ಸಂಖ್ಯೆಯೇ ಪ್ರತ್ಯುದಾಹರಣೆ. ವ್ಯತ್ಯಾಸ ಇಷ್ಟೇ: ಮೇಳದಲ್ಲಿ ಗೆಲುವು ಆ ರಾತ್ರಿಯದು, ಸಾಧನೆಯಲ್ಲಿ ಗೆಲುವು ಎಲ್ಲ ಕಾಲದ್ದು.

ಮಾಡುವ ತಿಳಿವು ಸಾಧಿಸುವ ತಿಳಿವಿಗೆ ಹೇಗೆ ಸೇತುವೆಯಾಗಬಲ್ಲುದು ಎಂಬುದಕ್ಕೆ ಗಣಗಳನ್ನು ನೆನಪಿಡುವ 'ಯಮಾತಾರಾಜಭಾನಸಲಗಂ' ಎಂಬ ಸೂತ್ರಪದ ಒಳ್ಳೆಯ ನಿದರ್ಶನ. ಇದರ ಹತ್ತು ಅಕ್ಷರಗಳಲ್ಲಿ ಯಾವುದೇ ಮೂರನ್ನು ಅನುಕ್ರಮವಾಗಿ ತೆಗೆದುಕೊಂಡರೂ ಒಂದೊಂದು ಗಣ ಸಿಗುತ್ತದೆ. ಎಂಟು ಗಣಗಳೂ ಒಂದೊಂದೇ ಸಲ ಬರುತ್ತವೆ. ಕೊನೆಯ ಎರಡು ಅಕ್ಷರಗಳ ಲಘು-ಗುರು ಕ್ರಮ ಮೊದಲ ಎರಡರಂತೆಯೇ ಇರುವುದರಿಂದ ಇದನ್ನು ಎಂಟು ಅಕ್ಷರಗಳ ಬಳೆಯಾಗಿ ಸುತ್ತಬಹುದು. ಇಂಥ ಬಳೆ ಎಷ್ಟೇ ಉದ್ದದ ಗಣಗಳಿಗೂ ಸಾಧ್ಯವೇ? ಸಾಧ್ಯವೆಂದೂ, ಒಟ್ಟು ಎಷ್ಟು ಬಳೆಗಳಿವೆಯೆಂದೂ ಡಚ್ ಗಣಿತಜ್ಞ ಡಿ ಬ್ರಾಯ್ನ್ 1946ರ ಪ್ರಬಂಧದಲ್ಲಿ ತೋರಿಸಿದನು. ಸಾಧ್ಯವೆಂಬುದಕ್ಕೆ ಇಂದು ಕೊಡುವ ಸಾಧನೆ ಆಯ್ಲರ್‌ನ ಪ್ರಮೇಯದ್ದೇ. ಅಕ್ಷರಗಳ ಜೋಡಿಗಳನ್ನು ಬಿಂದುಗಳನ್ನಾಗಿ, ಗಣಗಳನ್ನು ಒಂದು ಜೋಡಿಯಿಂದ ಮುಂದಿನ ಜೋಡಿಗೆ ಹೋಗುವ ಬಾಣಗಳನ್ನಾಗಿ ಬರೆದರೆ ಪ್ರತಿ ಬಿಂದುವಿಗೆ ಎರಡು ಬಾಣಗಳು ಬರುತ್ತವೆ, ಎರಡು ಹೊರಡುತ್ತವೆ. ಆದ್ದರಿಂದ ಕೈಯೆತ್ತದ ನಡೆ ಇದ್ದೇ ಇರುತ್ತದೆ. ಛಂದಸ್ಸಿನ ನೆನಪಿನ ಸೂತ್ರವೂ ಅಂಗಳದ ರಂಗೋಲಿಯೂ ಇಲ್ಲಿ ಒಂದೇ ಪ್ರಮೇಯದ ಎರಡು ಮುಖಗಳಾಗುತ್ತವೆ. ಡಿಎನ್‌ಎ ತುಣುಕುಗಳನ್ನು ಜೋಡಿಸುವ ಕ್ರಮವಿಧಿಗಳೂ ಇಂದು ಇಂಥ ಜಾಲಗಳನ್ನು ಬಳಸುತ್ತವೆ.

7. ಅಧ್ಯಯನದ ಹೊಣೆ

ಕನ್ನಡದಲ್ಲಿ ಗಣಿತ ಬರೆಯುವ ಪರಂಪರೆ ಹೊಸದಲ್ಲ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿ ಬರೆದನು. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಬೋಧನೆಗೆ ಅವಕಾಶ ಮಾಡಿಕೊಟ್ಟಿತು. ಅವಕಾಶವೊಂದೇ ಸಾಲದು. ಇಂಗ್ಲಿಷ್ ಪಠ್ಯದ ಪದಕ್ಕೆ ಪದವಿಟ್ಟು ಕಟ್ಟಿದ ಕನ್ನಡವು ವಿದ್ಯಾರ್ಥಿಗೆ ಎರಡನೆಯ ಪರಭಾಷೆಯಾಗುತ್ತದೆ. 'ಗಣ' ಎಂಬ ಪದವನ್ನೇ ನೋಡಬಹುದು. ಗಣಿತದ ಪಾಠದಲ್ಲಿ ಅದು ವಸ್ತುಗಳ ಸಮುದಾಯ, ಕನ್ನಡದ ಪಾಠದಲ್ಲಿ ಅಕ್ಷರಗಳ ಸಮುದಾಯ. ಎರಡು ತರಗತಿಗಳೂ ಒಂದೇ ಪದವನ್ನು ಬಳಸುತ್ತಿದ್ದರೂ ಒಂದು ಇನ್ನೊಂದರ ಕಡೆ ತಿರುಗಿ ನೋಡುವುದಿಲ್ಲ.

ಜಾನಪದ ವಿದ್ವಾಂಸರ ಹೊಣೆಯೂ ಇಲ್ಲಿದೆ. ಜನಪದ ಆಟಗಳನ್ನು ಕುರಿತ ಬರಹಗಳು ಎಷ್ಟೋ ವೇಳೆ ಆಟದ ಹೆಸರು, ಕಾಯಿಗಳ ಸಂಖ್ಯೆ, ಆಡುವ ಋತುಗಳನ್ನು ಹೇಳಿ ಮುಗಿಯುತ್ತವೆ. ಪಟದ ಪೂರ್ಣ ಚಿತ್ರ, ಪ್ರತಿ ನಡೆಯ ನಿಯಮ, ಊರಿನಿಂದ ಊರಿಗೆ ಆಗುವ ವ್ಯತ್ಯಾಸ, ಜಗಳ ಬಂದಾಗ ತೀರ್ಪು ಹೇಳುವ ಕ್ರಮ ಇವು ದಾಖಲಾಗದಿದ್ದರೆ ಮುಂದೆ ಯಾರೂ ಆ ಆಟವನ್ನು ಆಡಲಾರರು, ಎಣಿಸಲಾರರು. ರಂಗೋಲಿಯ ಚಿತ್ರದೊಂದಿಗೆ ಕೈ ಚಲಿಸಿದ ಕ್ರಮವೂ ದಾಖಲಾಗಬೇಕು; ಮುಗಿದ ಚಿತ್ರದಲ್ಲಿ ಆ ಕ್ರಮ ಅಳಿಸಿಹೋಗಿರುತ್ತದೆ. ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳಂಥ ಊರುಗಳಲ್ಲಿ ಅಂಗಳಗಳು ಕಟ್ಟಡಗಳಾಗಿರುವಾಗ, ಹೊಸ್ತಿಲ ಮುಂದೆ ಅಂಟಿಸುವ ರಂಗೋಲಿ ಬಂದಿರುವಾಗ ಈ ಕೆಲಸಕ್ಕೆ ಕಾಲಾವಕಾಶ ಕಡಿಮೆ. 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಬೆಂಗಳೂರಿನ ತಾಂತ್ರಿಕ ಸಂಸ್ಥೆಗಳೂ ಕೂಡಿ ಮಾಡಬಹುದಾದ ಕೆಲಸ ಇದು.

ಒಟ್ಟಿನಲ್ಲಿ ಹೇಳುವುದಾದರೆ, ವಿವಿಕ್ತ ಗಣಿತವು ಕನ್ನಡದ ವಿದ್ಯಾರ್ಥಿಗೆ ಪರಕೀಯವಲ್ಲ, ಆದರೆ ಸುಲಭವೂ ಅಲ್ಲ. ಅವನು ಎಣಿಸಬಲ್ಲದ್ದನ್ನು, ಎಳೆಯಬಲ್ಲದ್ದನ್ನು, ಆಡಬಲ್ಲದ್ದನ್ನು ಗುರುತಿಸಿ ಅಲ್ಲಿಂದ 'ಏಕೆ' ಎಂಬ ಪ್ರಶ್ನೆಗೆ ಕರೆದೊಯ್ಯುವುದು ಬೋಧಕನ ಕೆಲಸ. ಆ ಎಣಿಕೆ, ಎಳೆ, ಆಟಗಳನ್ನು ನಿಯಮಸಹಿತವಾಗಿ ಉಳಿಸಿಕೊಡುವುದು ಜಾನಪದ ವಿದ್ವಾಂಸನ ಕೆಲಸ. ಎರಡನೆಯದು ಆಗದಿದ್ದರೆ ಮೊದಲನೆಯದಕ್ಕೆ ಸಾಮಗ್ರಿಯೇ ಉಳಿಯುವುದಿಲ್ಲ.